ಲೋಟ ತೊಳೆದ ನೀರು

ನಮ್ಮಲ್ಲಿ ಅಡುಗೆ ಮಾಡುವವರು ರುಚಿ ನೋಡುವಂತಿಲ್ಲ. ಉಪ್ಪು ಸರಿಯಾಯಿತೋ ಇಲ್ಲವೋ ಎಂದು ಸೌಟಿನ ತುದಿಯನ್ನು ನಾಲಿಗೆಗೆ ಮುಟ್ಟಿಸಿದರೂ ಸಾಕು, ಮಾಡಿದ್ದನ್ನೆಲ್ಲ ಚೆಲ್ಲಿ ಮೊದಲಿನಿಂದ ಶುರು ಮಾಡಬೇಕು. ಪಾಯಿಂಟಕ್ಕ ಹತ್ತೊಂಬತ್ತು ವರ್ಷ ಅಂಥ ಅಡುಗೆ ಮಾಡಿದವಳು. ತನ್ನ ಕೈಯಡುಗೆ ಹೇಗಿರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. ತಿನ್ನುವವರ ಮುಖ ನೋಡಿ ಅಂದಾಜು ಮಾಡುತ್ತಿದ್ದಳು. ಆ ಮುಖಗಳು ಅಷ್ಟೇನೂ ನೋಡುವಂತಿರುತ್ತಿರಲಿಲ್ಲ ಎಂದು ನಾನು ಅವಳೆದುರೇ ಹೇಳಿದ್ದೇನೆ.

ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಅದು ಇನ್ನೆಲ್ಲೂ ಬಳಕೆಯಾಗಲಿಲ್ಲ. ಬೆಳಗ್ಗೆ ಎಂಟಕ್ಕೆ ಟೋಪಿ ಹಾಕಿ, ತಕ್ಕಡಿಯ ಮುಂದೆ ನಿಂತು, "ಬ್ರೆಡ್ಡು ಎಂಬತ್ತೆರಡು ಪಾಯಿಂಟ್ ನಾಲ್ಕು, ಕಾಳು ನೂರಾ ಹತ್ತು ಪಾಯಿಂಟ್ ಒಂದು" ಎಂದು ಕೂಗಿ ಹೇಳುತ್ತಾ ಬರೆದುಕೊಳ್ಳುವವಳನ್ನು ಇನ್ನೇನೆಂದು ಕರೆಯುವುದು? ನಾನು ಅವಳ ಪಕ್ಕದ ಕೋಣೆಯಲ್ಲಿ ರಕ್ತ ತೆಗೆದು ಪರೀಕ್ಷೆ ಮಾಡುವವಳು. ಹದಿನಾಲ್ಕು ವರ್ಷ ನಮ್ಮಿಬ್ಬರ ನಡುವೆ ಒಂದು ಗಾಜಿನ ಬಾಗಿಲು ಮಾತ್ರ ಇತ್ತು. 'ನೀವು' ಅನ್ನುವುದು ಯಾವಾಗಲೋ ಉದುರಿಹೋಗಿ ಅವಳು ನನಗೆ ಅಕ್ಕನೇ ಆಗಿದ್ದಳು.

ನಮ್ಮ ಪ್ರಯೋಗಾಲಯದ ಕೆಲಸ ಏನೆಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಊಟದಲ್ಲಿ ಕಬ್ಬಿಣ, ಸತು ಮೊದಲಾದವು ಚಿಟಿಕೆಗಿಂತಲೂ ಕಡಿಮೆ ಇರುತ್ತವೆ. ಅಷ್ಟರಲ್ಲೂ ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲ. ಎಷ್ಟು ಹತ್ತಿತು, ಎಷ್ಟು ಸುಮ್ಮನೆ ಹೊರಗೆ ಹೋಯಿತು ಎಂದು ಅಳೆಯುವುದೇ ನಮ್ಮ ಕಸುಬು. ಸ್ವಯಂಸೇವಕರು ಬರುತ್ತಾರೆ. ಅವರ ಊಟಕ್ಕೆ ಗುರುತಿನ ಕಬ್ಬಿಣ ಬೆರೆಸುತ್ತೇವೆ. ಅದೂ ಕಬ್ಬಿಣವೇ, ಅಪಾಯವೇನಿಲ್ಲ, ಮಾಮೂಲಿಗಿಂತ ಕೂದಲೆಳೆಯಷ್ಟು ಭಾರ. ಲಾಂಡ್ರಿಯವರು ಬಟ್ಟೆಯ ಮೂಲೆಗೆ ಗುರುತು ಹಾಕುವ ಹಾಗೆ. ಹದಿನಾಲ್ಕು ದಿನ ಕಳೆದ ಮೇಲೆ ನಾನು ಅವರ ರಕ್ತ ತೆಗೆದು, ಆ ಗುರುತಿನ ಕಬ್ಬಿಣ ರಕ್ತಕ್ಕೆ ಎಷ್ಟು ಸೇರಿದೆ ಎಂದು ಯಂತ್ರದಲ್ಲಿ ನೋಡುತ್ತೇನೆ.

ಹಾಗಾಗಿ ಅಕ್ಕನ ಅಡುಗೆಮನೆಯಲ್ಲಿ ಕಬ್ಬಿಣದ ಚೂರೂ ಇರುವಂತಿಲ್ಲ. ಚಾಕು ಪ್ಲಾಸ್ಟಿಕ್ಕಿನದು, ಪಾತ್ರೆ ಗಾಜಿನದು, ನೀರು ಲವಣವನ್ನೆಲ್ಲ ತೆಗೆದದ್ದು. ಆ ನೀರಿಗೆ ನಾವಿಟ್ಟ ಹೆಸರು ಬೋಳು ನೀರು. ಊಟಕ್ಕೆ ಎರಡು ಗಂಟೆ ಮೊದಲು, ಎರಡು ಗಂಟೆ ಆಮೇಲೆ ಟೀ ಕುಡಿಯುವಂತಿಲ್ಲ, ಯಾಕೆಂದರೆ ಟೀ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಎಲ್ಲಕ್ಕಿಂತ ದೊಡ್ಡ ನಿಯಮ ಕೊನೆಯದು. ತಟ್ಟೆ, ಲೋಟ ಖಾಲಿಯಾದ ಮೇಲೆ ಅಕ್ಕ ಅದಕ್ಕೆ ಎರಡು ಚಮಚ ಬೋಳು ನೀರು ಹಾಕುತ್ತಾಳೆ. ತಿಂದವರು ಅದನ್ನು ಅಲ್ಲಾಡಿಸಿ, ತೊಳೆದ ನೀರನ್ನು ಕುಡಿಯಬೇಕು. ಆಮೇಲೆ ಅಕ್ಕ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ನೋಡುತ್ತಾಳೆ. ಏನೂ ಉಳಿದಿಲ್ಲ ಎಂದಾದರೆ ಮಾತ್ರ ಹಾಳೆಯಲ್ಲಿ ಸರಿ ಗುರುತು ಬೀಳುತ್ತದೆ.

ಒಮ್ಮೆ ಒಬ್ಬ ಪೊಲೀಸಪ್ಪ ಸ್ವಯಂಸೇವಕನಾಗಿ ಬಂದಿದ್ದ, ಬಾಗಿಲಷ್ಟು ಅಗಲದ ಆಸಾಮಿ. ಬ್ರೆಡ್ಡಿನ ಒಂದು ಚೂರನ್ನು ಮೆಲ್ಲಗೆ ಜೇಬಿಗಿಳಿಸಿದ. ಅಕ್ಕ ಅವನ ಮುಂದೆ ಅಂಗೈ ಚಾಚಿ ನಿಂತಳು. ಪೊಲೀಸಪ್ಪ ತೆಪ್ಪಗೆ ತೆಗೆದುಕೊಟ್ಟ. ಅದನ್ನು ತೂಗಿ, "ಆರು ಪಾಯಿಂಟ್ ಎರಡು. ತಿನ್ನಿ ಸಾರ್" ಅಂದಳು. ಕಳ್ಳರನ್ನು ಹಿಡಿಯುವವನನ್ನೇ ಹಿಡಿದಳೆಂದು ನಾವು ಒಂದು ವಾರ ನಕ್ಕೆವು. ಅವಳ ಕಣ್ಣಿಗೆ ಬೀಳದೆ ಏನೂ ಹೋಗುವುದಿಲ್ಲ ಎಂದು ನಾನೇ ಊರೆಲ್ಲ ಹೊಗಳಿಕೊಂಡು ತಿರುಗಿದೆ.

ಅವಳ ಗಂಡ ಕ್ಷೌರಿಕ. ನನಗೆ ಭಾವ. ಇಕ್ಕಟ್ಟಿನ ಬೀದಿಯಲ್ಲಿ ಎರಡು ಕುರ್ಚಿಯ ಅಂಗಡಿ, ಅದರಲ್ಲಿ ಒಂದು ಕುರ್ಚಿ ತಿರುಗುತ್ತಿರಲಿಲ್ಲ. ಎದುರಿಗೇ ಟೀ ಅಂಗಡಿ. ಭಾವ ದಿನಕ್ಕೆ ಏಳು ಟೀ ಕುಡಿಯುತ್ತಿದ್ದರು, ಪ್ರತಿ ಟೀಗೂ ಒಂದು ಕಾರಣ ಇರುತ್ತಿತ್ತು. ಅವರಿಗೆ ಮಕ್ಕಳಿರಲಿಲ್ಲ. ನಾನು ಭಾನುವಾರ ಅವರ ಮನೆಗೆ ಹೋದರೆ ಸಂಜೆಯವರೆಗೆ ಏಳುತ್ತಿರಲಿಲ್ಲ.

"ನಿಮ್ಮಕ್ಕ ನನ್ನ ಮೊದಲನೇ ಸಲ ನೋಡಿದಾಗ ನಾಚಿಕೊಂಡ್ಲು ಅಂತ ತಿಳ್ಕೊಂಡಿದ್ದೆ," ಅನ್ನುತ್ತಿದ್ದರು ಭಾವ. "ಆಮೇಲೆ ಗೊತ್ತಾಯ್ತು. ಕಣ್ಣಲ್ಲೇ ತೂಗ್ತಾ ಇದ್ಲು. ಅರವತ್ತೆರಡು ಪಾಯಿಂಟ್ ಎಂಟು."

"ಅರವತ್ತನಾಲ್ಕು," ಅನ್ನುತ್ತಿದ್ದಳು ಅಕ್ಕ, ತಲೆ ಎತ್ತದೆ.

ಐವತ್ತಾರನೇ ವಯಸ್ಸಿಗೆ ಭಾವನಿಗೆ ಸುಸ್ತು ಶುರುವಾಯಿತು. ಎರಡನೇ ಮಹಡಿಯ ಮನೆಗೆ ಹತ್ತುವಾಗ ಮಧ್ಯದಲ್ಲಿ ನಿಂತು, ಪಕ್ಕದ ಮನೆಯವರ ಬಾಗಿಲ ಬಣ್ಣವನ್ನು ಹೊಗಳುವ ನೆಪದಲ್ಲಿ ಉಸಿರೆಳೆದುಕೊಳ್ಳುತ್ತಿದ್ದರು. ಗಿರಾಕಿಯೊಬ್ಬ ಕನ್ನಡಿಯಲ್ಲಿ ನೋಡಿ, "ಏನ್ರೀ ಇಷ್ಟು ಬಿಳಿಚಿಕೊಂಡಿದೀರಿ?" ಎಂದರೆ, "ಪೌಡರ್ ನಿಮಗೆ ಹಾಕೋ ಬದಲು ನನಗೇ ಹಾಕ್ಕೊಂಡೆ" ಅಂದರಂತೆ. ಅಕ್ಕ ಕರೆದುಕೊಂಡು ಬಂದಳು, ನಾನೇ ರಕ್ತ ತೆಗೆದೆ. ಹದಿಮೂರಕ್ಕೆ ಮೇಲಿರಬೇಕಾದ ಹಿಮೋಗ್ಲೋಬಿನ್ ಎಂಟು ಪಾಯಿಂಟ್ ಎರಡು ಇತ್ತು. ಕಬ್ಬಿಣದ ಮಟ್ಟ ತಳ ಮುಟ್ಟಿತ್ತು.

ಬೀದಿಯ ಡಾಕ್ಟರು ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಆರು ವಾರದಲ್ಲಿ ಏರದಿದ್ದರೆ ಗಂಟಲಿನಿಂದ ನಳಿಗೆ ಇಳಿಸಿ ಹೊಟ್ಟೆ ನೋಡೋಣ ಅಂದರು. ಭಾವನಿಗೆ ನಳಿಗೆ ಎಂದರೆ ಜೀವವೇ ಹೋಗುತ್ತಿತ್ತು. ಅಕ್ಕ ಮಾರನೆಯ ದಿನ ನನ್ನ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತಳು.

"ಏಳು ಟೀ ಕುಡಿಯೋನ ಹೊಟ್ಟೇಲಿ ಏನಿದೆ ಅಂತ ನಳಿಗೆ ಬಿಟ್ಟು ನೋಡ್ಬೇಕಾ? ಟೀ ಇದೆ. ಬೇರೆಯೋರ ಕಬ್ಬಿಣದ ಲೆಕ್ಕ ಹಿಡಿಯೋಳು ನಾನು, ನನ್ನ ಗಂಡನ್ನ ಹೀಗೆ ಬಿಟ್ಟೆನಲ್ಲ. ಮೂರು ತಿಂಗಳು ಕೊಡು. ಹನ್ನೆರಡಕ್ಕೆ ತರ್ತೀನಿ."

"ತಂದೇ ತರ್ತೀಯ ಬಿಡು," ಅಂದೆ. ನಾನು ಅದನ್ನು ನಂಬಿಯೇ ಹೇಳಿದ್ದು.

ಅವತ್ತಿನಿಂದ ಅವರ ಮನೆ ನಮ್ಮ ಅಡುಗೆಮನೆಯ ಇನ್ನೊಂದು ಕೋಣೆಯಾಯಿತು. ಗಾಜಿನ ಪಾತ್ರೆ ಬಂತು, ಪುಟ್ಟ ತಕ್ಕಡಿ ಬಂತು. ಡಾಕ್ಟರ ಮಾತ್ರೆಯ ಮೇಲೆ ಸೊಪ್ಪು, ಕಾಳು, ಮೊಟ್ಟೆ, ಜೊತೆಗೆ ಪ್ರತಿ ಊಟಕ್ಕೂ ಅರ್ಧ ನಿಂಬೆಹಣ್ಣು, ಯಾಕೆಂದರೆ ಹುಳಿ ಇದ್ದರೆ ಕಬ್ಬಿಣ ಮೈಗೆ ಹತ್ತುತ್ತದೆ. ಟೀಪುಡಿಯ ಡಬ್ಬ ಮನೆಯಿಂದಾಚೆ ಹೋಯಿತು. ಬರೀ ಎರಡು ಗಂಟೆಯ ನಿಯಮ ಅಲ್ಲ, ಪೂರ್ತಿ ಬಂದ್. ಊಟ ಮುಗಿದ ಮೇಲೆ ಎರಡು ಚಮಚ ನೀರು, ಅಲ್ಲಾಡಿಸಿ ಕುಡಿಯುವುದು, ಅಕ್ಕ ಲೋಟವನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡುವುದು. ಭಾವ ಕುಡಿದ ಲೋಟವನ್ನು ಮೇಜಿನ ಮೇಲೆ ಬೋರಲು ಹಾಕಿ, "ಏನೂ ಉಳಿಸಿಲ್ಲ, ನೋಡ್ಕೋ" ಅನ್ನುತ್ತಿದ್ದರು. ಅಕ್ಕ ಆದರೂ ಎತ್ತಿ ನೋಡುತ್ತಿದ್ದಳು.

"ಮದುವೆ ಆಗಿ ಇಪ್ಪತ್ತೊಂಬತ್ತು ವರ್ಷ ಆದ್ಮೇಲೆ ನಿಮ್ಮಕ್ಕ ನನ್ನ ಎಂಜಲು ಲೋಟಾನ ಇಷ್ಟು ಪ್ರೀತಿಯಿಂದ ನೋಡ್ತಿದಾಳೆ," ಎಂದು ಭಾವ ನನಗೆ ಹೇಳಿದರು. ಮೂರು ಜನವೂ ನಕ್ಕೆವು.

ಆರು ವಾರಕ್ಕೆ ಎಂಟು ಪಾಯಿಂಟ್ ಏಳು ಬಂತು. ಆ ಅರ್ಧ ಪಾಯಿಂಟನ್ನು ಅಕ್ಕ ಮಗು ಹೆತ್ತವಳಂತೆ ಎಲ್ಲರಿಗೂ ಹೇಳಿಕೊಂಡು ಬಂದಳು. ನಳಿಗೆಯ ಮಾತು ಅಲ್ಲಿಗೆ ಬಿದ್ದುಹೋಯಿತು. ಮೂರನೇ ತಿಂಗಳು ಎಂಟು ಪಾಯಿಂಟ್ ಒಂದು. ಐದನೇ ತಿಂಗಳು ಏಳು ಪಾಯಿಂಟ್ ಆರು. ಅಕ್ಕ ನನ್ನ ಯಂತ್ರವನ್ನೇ ಅನುಮಾನಿಸಿ ಎರಡು ಸಲ ಓಡಿಸಲು ಹೇಳಿದಳು. ಎರಡನೇ ಸಲವೂ ಅದೇ ಬಂತು.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ನಾವಿಬ್ಬರೂ ಊಟಕ್ಕೆ ಕೂತಿದ್ದೆವು. ನಮ್ಮಲ್ಲಿ ಒಳಗೆ ಹೋದದ್ದಷ್ಟೇ ಅಲ್ಲ, ಹೊರಗೆ ಬಂದದ್ದನ್ನೂ ಡಬ್ಬಿಯಲ್ಲಿ ತೂಗುತ್ತೇವೆ, ಹಾಗಾಗಿ ಊಟದ ಹೊತ್ತಿಗೆ ಆಡಬಾರದ ಮಾತು ಎಂಬುದು ನಮಗಿಲ್ಲ. ಅಕ್ಕ ತುತ್ತು ನುಂಗಿ, "ಇವರಿಗೆ ಕಪ್ಪಗೆ ಹೋಗ್ತಿದೆಯಂತೆ ಕಣೇ. ಡಾಂಬರಿನ ಹಾಗೆ ಅಂಟು ಅಂತಾರೆ. ಹೆದರ್ಕೊಂಡಿದಾರೆ" ಅಂದಳು.

"ಮಾತ್ರೆದು ಅದು," ಅಂದೆ ನಾನು. "ಮೈಗೆ ಹತ್ತದ ಕಬ್ಬಿಣ ಇನ್ನು ಯಾವ ಬಣ್ಣದಲ್ಲಿ ಹೋಗುತ್ತೆ? ಚಿನ್ನದ ಬಣ್ಣದಲ್ಲಾ?"

"ನಾನೂ ಅದನ್ನೇ ಹೇಳ್ದೆ. ಅಂದ್ರೆ ಹತ್ತುತ್ತಿಲ್ಲ ಅಂತ ಆಯ್ತಲ್ಲ. ಎಲ್ಲೋ ಟೀ ಕುಡೀತಿದಾರೆ."

ನಾನು ಹೌದೆಂದು ತಲೆಯಾಡಿಸಿ ಮೊಸರಿಗೆ ಕೈ ಹಾಕಿದೆ. ಕಬ್ಬಿಣದ ಮಾತ್ರೆ ನುಂಗಿದವರಿಗೆ ಕಪ್ಪಗಾಗುವುದು ನಿಜವೇ. ಅದು ನಮಗೆ ಚೆನ್ನಾಗಿ ಗೊತ್ತಿತ್ತು, ಎಷ್ಟು ಚೆನ್ನಾಗಿ ಅಂದರೆ ಬೇರೆ ಏನಾದರೂ ಇರಬಹುದು ಎಂದು ಹೊಳೆಯಲೇ ಇಲ್ಲ. ಇದೊಂದೂ ತಿಳಿಯದ ಹೆಂಗಸು ಹೆದರಿ ಅವತ್ತೇ ಗಂಡನನ್ನು ಆಸ್ಪತ್ರೆಗೆ ಎಳೆದುಕೊಂಡು ಓಡುತ್ತಿದ್ದಳು. ಆ ಮಧ್ಯಾಹ್ನದ ನನ್ನ ನಗೆಯನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಅಕ್ಕ ಕಾವಲಿಗೆ ಇಳಿದಳು. ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಅಂಗಡಿಯ ಬೀದಿಯ ತುದಿಯಲ್ಲಿ ನಿಂತಳು. ಒಂದು ದಿನ ಅಂಗಡಿಯ ಒಳಗಿನ ಕಟ್ಟೆಯ ಮೇಲೆ ತಳದಲ್ಲಿ ಟೀ ಉಳಿದ ಲೋಟ ಕಣ್ಣಿಗೆ ಬಿತ್ತು. ಕುರ್ಚಿಯಲ್ಲಿ ಕೂತ ಗಿರಾಕಿಯ ಮುಖಕ್ಕೆಲ್ಲ ನೊರೆ ಹಚ್ಚಿತ್ತು. ಅವನೆದುರೇ ಕೇಳಿದಳು.

"ಇದು ಯಾರ್ದು?"

"ಗಿರಾಕೀದು ಕಣೇ. ಈಗ ತಾನೇ ಒಬ್ರು ಕುಡಿದು ಹೋದ್ರು."

"ಯಾವ ಗಿರಾಕಿ? ಕರೀರಿ ನೋಡೋಣ."

"ಎಲ್ಲಿಂದ ಕರೀಲಿ? ಹೋದ್ರು ಅಂದ್ನಲ್ಲ. ನಾನು ಕುಡೀಲಿಲ್ಲ. ಕುಡಿದಿದ್ರೆ ಕುಡಿದೆ ಅಂತಿದ್ದೆ."

"ಹಾಗಾದ್ರೆ ನಾನು ಹಾಕಿದ ಕಬ್ಬಿಣ ಎಲ್ಲಿಗೆ ಹೋಯ್ತು? ಹೇಳಿ. ಎಲ್ಲಿಗೆ ಹೋಯ್ತು?"

ಭಾವ ಕತ್ತಿ ಒರೆಸಿ ಗಿರಾಕಿಯ ಗಲ್ಲದ ಕಡೆಗೆ ತಿರುಗಿದರಂತೆ. ಎದುರಿನ ಟೀ ಅಂಗಡಿಯವನು ರಸ್ತೆ ದಾಟಿ ಬಂದು, "ಅಮ್ಮಾ, ಅವರು ನನ್ನ ಅಂಗಡಿ ಮೆಟ್ಟಿಲು ಹತ್ತಿ ಐದು ತಿಂಗಳ ಮೇಲಾಯ್ತು. ಗಿರಾಕಿಗೆ ತರಿಸ್ತಾರೆ, ತಾವು ಮುಟ್ಟಲ್ಲ" ಅಂದ. ಅಕ್ಕ ಅವನಿಗೆ, "ನಿನ್ನ ವ್ಯಾಪಾರ ನೀನು ನೋಡ್ಕೋ" ಎಂದು ಹೇಳಿ ಬಂದುಬಿಟ್ಟಳು. ಇದನ್ನೆಲ್ಲ ಅವಳೇ ನನಗೆ ಹೇಳಿದ್ದು, ಅವತ್ತು ಗೆದ್ದವಳ ದನಿಯಲ್ಲಿ. ಆ ಸಂಜೆಯಿಂದ ಅವರ ಮನೆಯಲ್ಲಿ ಮಾತು ಕಡಿಮೆಯಾಯಿತು. ಭಾವ ಮೊದಲಿನ ಹಾಗೇ ತೂಗಿಟ್ಟದ್ದನ್ನು ತಿಂದು, ತೊಳೆದ ನೀರು ಕುಡಿದು, ಲೋಟ ಬೋರಲು ಹಾಕುತ್ತಿದ್ದರು. ತಮಾಷೆ ಮಾತ್ರ ನಿಂತುಹೋಯಿತು.

ಹತ್ತನೇ ತಿಂಗಳಲ್ಲಿ, ಒಂದು ಬೆಳಗ್ಗೆ, ಮೇಷ್ಟ್ರೊಬ್ಬರ ತಲೆಗೂದಲು ಅರ್ಧ ಕತ್ತರಿಸಿದ್ದಾಗ ಭಾವ ಕತ್ತರಿ ಸಮೇತ ಕೆಳಗೆ ಬಿದ್ದರು. ಆಸ್ಪತ್ರೆಗೆ ಸೇರಿಸಿದವರು ಟೀ ಅಂಗಡಿಯವನು ಮತ್ತು ಅರ್ಧ ತಲೆಯ ಆ ಮೇಷ್ಟ್ರು. ನಾವು ಓಡಿ ತಲುಪುವ ಹೊತ್ತಿಗೆ ರಕ್ತ ಏರಿಸುವುದು ಶುರುವಾಗಿತ್ತು. ಹಿಮೋಗ್ಲೋಬಿನ್ ಐದಕ್ಕಿಂತ ಕೆಳಗೆ ಇತ್ತು. ಮಾರನೆಯ ದಿನ, ಹತ್ತು ತಿಂಗಳಿಂದ ಬೇಡವೆಂದು ದೂಡುತ್ತಾ ಬಂದಿದ್ದ ನಳಿಗೆಯನ್ನು ಇಳಿಸಿದರು. ಹೊಟ್ಟೆಯ ಒಳಗೋಡೆಯಲ್ಲಿ ಗಡ್ಡೆ. ಅದು ಒಡೆದು ರಕ್ತ ಒಸರುತ್ತಲೇ ಇತ್ತು. ಯಕೃತ್ತಿಗೂ ಹಬ್ಬಿತ್ತು.

ಡಾಕ್ಟರು ಚಿಕ್ಕ ವಯಸ್ಸಿನವಳು. ಗದರಿಸುವ ಉದ್ದೇಶವೇನೂ ಇರಲಿಲ್ಲ ಅವಳಿಗೆ. "ಇಷ್ಟು ದಿನ ರಕ್ತ ಹೋಗಿದೆಯಲ್ಲ, ಮಲ ಕಪ್ಪಗೆ ಹೋಗ್ತಿರಲಿಲ್ವಾ ಅಮ್ಮಾ?" ಎಂದು ಕೇಳಿದಳು.

"ಹೋಗ್ತಿತ್ತು," ಅಂದಳು ಅಕ್ಕ. "ಮಾತ್ರೆದು ಅಂದ್ಕೊಂಡ್ವಿ."

'ಅಂದುಕೊಂಡೆವು' ಎಂದಳು. ಮಾತಿನ ರೂಢಿಗೆ ನನ್ನನ್ನು ಸೇರಿಸಿಕೊಂಡಳೋ, ತಪ್ಪೆಲ್ಲ ಅವಳೊಬ್ಬಳದೇ ಎಂದು ನಾನು ಜಾರಿಕೊಳ್ಳದಿರಲಿ ಎಂದು ಹೇಳಿದಳೋ ಗೊತ್ತಿಲ್ಲ. ಹೇಗಿದ್ದರೂ ಅದು ನ್ಯಾಯವೇ. ನನ್ನ ಮೇಜಿನ ಎರಡನೇ ಡ್ರಾಯರಿನಲ್ಲಿ, ಅಂಗೈಯಷ್ಟಗಲದ ರಟ್ಟಿನ ಚೀಟಿಗಳ ಕಟ್ಟು ಇರುತ್ತದೆ. ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಇದ್ದರೆ ಆ ಚೀಟಿ ನೀಲಿಯಾಗುತ್ತದೆ. ನಮ್ಮ ಪ್ರಯೋಗಕ್ಕೆ ಬರುವ ಪ್ರತಿಯೊಬ್ಬರಿಗೂ ಮೊದಲನೆಯ ದಿನವೇ ಅದನ್ನು ಮಾಡುತ್ತೇವೆ, ಯಾಕೆಂದರೆ ಒಳಗೆ ರಕ್ತ ಸೋರುತ್ತಿರುವವರ ಕಬ್ಬಿಣದ ಲೆಕ್ಕ ಹಿಡಿದು ಪ್ರಯೋಜನವಿಲ್ಲ. ಐದು ನಿಮಿಷದ ಕೆಲಸ. ಬ್ರೆಡ್ಡು ಜೇಬಿಗಿಳಿಸಿದ ಆ ಪೊಲೀಸಪ್ಪನಿಗೂ ಮಾಡಿದ್ದೆ. ಭಾವನಿಗೆ ಮಾಡಲಿಲ್ಲ, ಅವರು ಪ್ರಯೋಗಕ್ಕೆ ಬಂದವರಲ್ಲವಲ್ಲ, ಮನೆಯವರು.

ಭಾವನ ಮೈಗೆ ಕಬ್ಬಿಣ ಹತ್ತುತ್ತಿತ್ತು. ಇಲ್ಲದವನ ಮೈ ಇದ್ದವನದಕ್ಕಿಂತ ಹೆಚ್ಚು ಆಸೆಯಿಂದ ಹೀರುತ್ತದೆ, ಇದೂ ನಮಗೆ ಗೊತ್ತಿದ್ದದ್ದೇ. ಅಕ್ಕ ತೂಗಿ ಬಡಿಸಿದ್ದನ್ನು ಅವರು ಹೀರಿ ರಕ್ತ ಮಾಡಿಕೊಳ್ಳುತ್ತಿದ್ದರು, ಅದಕ್ಕಿಂತ ಹೆಚ್ಚು ಒಳಗೊಳಗೇ ಸೋರಿಹೋಗುತ್ತಿತ್ತು. ಟೀಯದೇನೂ ತಪ್ಪಿರಲಿಲ್ಲ.

ಆಸ್ಪತ್ರೆಗೆ ಸೇರಿದ ಇಪ್ಪತ್ತಮೂರನೇ ದಿನ ಭಾವ ತೀರಿಕೊಂಡರು. ಅಕ್ಕ ತಿಂಗಳಾದ ಮೇಲೆ ಕೆಲಸಕ್ಕೆ ವಾಪಸ್ ಬಂದಳು. ಈಗ ತಕ್ಕಡಿಯ ಮುಂದೆ ನಿಂತರೆ ಅಂಕಿಯನ್ನು ಕೂಗಿ ಹೇಳುವುದಿಲ್ಲ, ಸುಮ್ಮನೆ ಬರೆದುಕೊಳ್ಳುತ್ತಾಳೆ. ನನ್ನ ಡ್ರಾಯರಿನ ಚೀಟಿಯ ಕಟ್ಟೊಂದು ಅವಳ ಕೈಚೀಲದಲ್ಲಿ ಇರುತ್ತದೆ. ಯಾರಾದರೂ ಸುಸ್ತು ಎಂದರೆ ಸಾಕು, ಅಂಚೆಯವನಾಗಲಿ, ನಮ್ಮ ನಿರ್ದೇಶಕರಾಗಲಿ, ಮುಖ ನೋಡಿ ನೇರವಾಗಿ ಕೇಳುತ್ತಾಳೆ, "ಹೊರಗೆ ಹೋಗೋದು ಯಾವ ಬಣ್ಣ?" ನಿರ್ದೇಶಕರು ಒಂದು ಸಲ ಕೆಂಪಾಗಿ ಹೋದರು. ಯಾರೂ ಅವಳನ್ನು ನೋಡಿ ನಗುವುದಿಲ್ಲ, ನನಗಂತೂ ನಗುವ ಹಕ್ಕಿಲ್ಲ.

ಟೀ ಅಂಗಡಿಯವನ ಹತ್ತಿರ ಹೋಗಿ, "ಅವತ್ತು ನಿನ್ನ ಮಾತು ಕೇಳಬೇಕಿತ್ತು ಕಣಪ್ಪ" ಎಂದು ಹೇಳಿ ಬಂದಳು. ಅವನು ಬೆಂಚು ಒರೆಸಿಕೊಟ್ಟನಂತೆ. ಅವಳು ಕೂರಲಿಲ್ಲ.

ಇದೆಲ್ಲ ಆದದ್ದು ಆಮೇಲೆ. ಭಾವ ಹೋಗುವುದಕ್ಕೆ ನಾಲ್ಕು ದಿನ ಮೊದಲಿನ ಮಧ್ಯಾಹ್ನವೊಂದನ್ನು ಹೇಳದೆ ನನಗೆ ಮುಗಿಸಲಾಗುವುದಿಲ್ಲ. ಅವರ ಮಂಚ ಕಿಟಕಿಯ ಪಕ್ಕಕ್ಕಿತ್ತು. ಡಾಕ್ಟರಮ್ಮ ಬಂದು, ಇನ್ನು ಪಥ್ಯವೇನೂ ಬೇಡ, ಮನಸ್ಸಿಗೆ ಬಂದದ್ದು ಕೊಡಿ ಎಂದು ಹೇಳಿಹೋಗಿದ್ದಳು. ಅಕ್ಕ ಮಂಚದ ಅಂಚಿಗೆ ಕೂತು, "ಏನು ಬೇಕು ಅಂತ ಹೇಳ್ರೀ" ಅಂದಳು. ಭಾವ ನನ್ನ ಮುಖ ನೋಡಿದರು. ನನಗೂ ಅರ್ಥವಾಯಿತು, ಅವಳಿಗೂ ಆಯಿತು.

ಅವಳು ಮನೆಗೆ ಹೋಗಿ ಬಂದಳು. ಯಾವ ಅಂಗಡಿಯಿಂದ ಪುಡಿ ತಂದಳೋ, ಫ್ಲಾಸ್ಕಿನ ಮುಚ್ಚಳ ತೆಗೆದಾಗ ಇಡೀ ವಾರ್ಡಿಗೆ ಟೀಯ ವಾಸನೆ ಬಂತು. ಗಾಜಿನ ಲೋಟಕ್ಕೆ ಬಗ್ಗಿಸುವಾಗ, ಹತ್ತೊಂಬತ್ತು ವರ್ಷದಲ್ಲಿ ಒಂದು ತೊಟ್ಟು ಚೆಲ್ಲದವಳು ಹೊದಿಕೆಯ ಮೇಲೆಲ್ಲ ಚೆಲ್ಲಿದಳು. ಭಾವ ಎರಡೂ ಕೈಯಲ್ಲಿ ಲೋಟ ಹಿಡಿದು ಮೊದಲು ಮೂಸಿ ನೋಡಿದರು. ಆಮೇಲೆ ಒಂದೊಂದೇ ಗುಟುಕು ಕುಡಿದರು, ನಡುವೆ ನಿಲ್ಲಿಸಿ ಉಸಿರೆಳೆದುಕೊಂಡು. ಅರ್ಧ ಗಂಟೆ ಹಿಡಿಯಿತು. ಸಕ್ಕರೆ ಹೆಚ್ಚಾಗಿದೆ ಅಂದರು.

"ಇವಳೇ," ಅಂದರು ಲೋಟ ಖಾಲಿಯಾದ ಮೇಲೆ. "ಹತ್ತು ತಿಂಗಳಲ್ಲಿ ಇದೇ ಮೊದಲನೇದು ಕಣೇ. ನಿಜವಾಗ್ಲೂ."

ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಭಾವ ಖಾಲಿ ಲೋಟವನ್ನು ಅವಳ ಕಡೆಗೆ ಚಾಚಿದರು. ಇನ್ನೂ ಬೇಕೇನೋ ಎಂದು ನಾನು ಫ್ಲಾಸ್ಕಿಗೆ ಕೈ ಹಾಕಿದೆ, ಅವರು ಬೇಡವೆಂದು ತಲೆಯಾಡಿಸಿದರು. ಅವರು ಕೇಳುತ್ತಿದ್ದುದು ತೊಳೆಯುವ ಎರಡು ಚಮಚ ನೀರು. ಅದು ಅವರಿಗೆ ಅಷ್ಟು ರೂಢಿಯಾಗಿಹೋಗಿತ್ತು. ಅಕ್ಕ ಅಲ್ಲಾಡಲಿಲ್ಲ. ಕೊನೆಗೆ ನಾನೇ ಜಗ್ಗಿನಿಂದ ಸ್ವಲ್ಪ ನೀರು ಹಾಕಿದೆ. ಭಾವ ಲೋಟವನ್ನು ಮೆಲ್ಲಗೆ ಅಲ್ಲಾಡಿಸಿ, ತಿಳಿಗಂದು ಬಣ್ಣದ ಆ ನೀರನ್ನು ಪೂರ್ತಿ ಕುಡಿದು, ಮಂಚದ ಪಕ್ಕದ ಮೇಜಿನ ಮೇಲೆ ಬೋರಲು ಹಾಕಿದರು.

"ಏನೂ ಉಳಿಸಿಲ್ಲ, ನೋಡ್ಕೋ."

"ಗೊತ್ತು ಕಣ್ರೀ," ಅಂದಳು ಅಕ್ಕ. ಅವರ ಕೈ ಹಿಡಿದುಕೊಂಡು ಕೂತಳು. ಲೋಟವನ್ನು ಎತ್ತಿ ನೋಡಲಿಲ್ಲ.